ಸವಿತಾಳ ಇಂಗ್ಲಿಷಿನ ಚಿಂತೆ ಬಿಡಿ

ಲೀಡ್ಸ್, ಭಾನುವಾರ

ಅಪ್ಪಾ, ಅವ್ವಾ, ನಮಸ್ಕಾರ. ನಾನು ಆರಾಮ ಇದ್ದೇನೆ. ಥಂಡಿ ಇದೆ, ಸ್ವೆಟರ್ ಹಾಕಿಕೊಳ್ಳುತ್ತೇನೆ, ರೊಟ್ಟಿ ಇನ್ನೂ ಇವೆ, ಶೇಂಗಾ ಹಿಂಡಿ ಮಾತ್ರ ಮುಗಿಯಿತು. ಇನ್ನು ವಿಷಯಕ್ಕೆ ಬರುತ್ತೇನೆ.

ಶ್ರೀಶೈಲ ಬರೆದದ್ದು ಓದಿ ಸಿಟ್ಟು ಬಂತು. ಲೆಸ್ಟರ್‌ನಲ್ಲಿರುವ ಹುಡುಗನ ಕಡೆಯವರ ಜೊತೆ ಮದುವೆ ಮಾತಿನ ವಿಡಿಯೋ ಕಾಲ್‌ನಲ್ಲಿ ನಮ್ಮ ಸವಿತಾ "ಐ ಪಾಸ್ಡ್ ಔಟ್ ಇನ್ 2022" ಅಂದಳಂತೆ, ಹುಡುಗನ ತಂಗಿ ಕಿಸಕ್ಕನೆ ನಕ್ಕಳಂತೆ, ಆಮೇಲೆ ಅವರ ಕಡೆಯಿಂದ "ಹುಡುಗಿಯ ಇಂಗ್ಲಿಷ್ ವೀಕು, ವೀಸಾ ಸಿಗುತ್ತೋ ಇಲ್ಲೋ" ಅಂತ ಮಾತು ಬಂತಂತೆ. ಇಷ್ಟಕ್ಕೇ ಅವ್ವ ಊಟ ಬಿಟ್ಟಿದ್ದಾಳೆ, ಅಪ್ಪ ಕಬ್ಬಿನ ಬಿಲ್ ಬಂದ ಕೂಡಲೇ ಕೋಚಿಂಗ್‌ಗೆ ಕಟ್ಟುತ್ತೇನೆ ಅಂತಿದ್ದಾರೆ. ಆ ಬಿಲ್ ಯಾವಾಗ ಬರುತ್ತೆ, ಅದಕ್ಕೆ ಎಷ್ಟು ಜನ ಕಾದು ಕೂತಿದ್ದಾರೆ ಅಂತ ನನಗೆ ಗೊತ್ತಿಲ್ಲವೇ? ದಯವಿಟ್ಟು ಕಟ್ಟಬೇಡಿ.

ಮದುವೆಯಾಗಿ ಬರುವ ಹುಡುಗಿಗೆ ಇಲ್ಲಿ ಬ್ರಿಟನ್‌ನವರು ಮೊದಲ ವೀಸಾಕ್ಕೆ ಕೇಳುವುದು ಎ1 ಮಟ್ಟದ ಇಂಗ್ಲಿಷ್. ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು ಇವೆ, ಇದು ಎಲ್ಲಕ್ಕಿಂತ ಕೆಳಗಿನದು. ಪರೀಕ್ಷೆಯಲ್ಲಿ ಇಂಗ್ಲಿಷ್ ಕೇಳಿಸಿಕೊಂಡು ತಿಳಿಯುವುದು, ಮಾತಾಡುವುದು ಅಷ್ಟೇ. ಬರೆಯುವುದೇ ಇಲ್ಲ. ಅದಕ್ಕಿಂತ ಮುಖ್ಯ ಇನ್ನೊಂದು ಇದೆ. ಡಿಗ್ರಿಯನ್ನು ಇಂಗ್ಲಿಷ್‌ನಲ್ಲೇ ಓದಿದ್ದರೆ, ಎಕ್ಟಿಸ್ ಅನ್ನೋ ಸಂಸ್ಥೆ ಅದನ್ನು ಒಪ್ಪಿದರೆ, ಆ ಪರೀಕ್ಷೆಯೂ ಬೇಡ. ಸವಿತಾಳ ಬಿಎಸ್ಸಿ ಪೂರ್ತಿ ಇಂಗ್ಲಿಷ್‌ನಲ್ಲೇ ಆಗಿದ್ದು ಅಲ್ವಾ? ಶ್ರೀಶೈಲ ಸೋಮವಾರವೇ ವಿದ್ಯಾಗಿರಿಗೆ ಹೋಗಿ ಕಾಲೇಜಿನಿಂದ ಹಾಗಂತ ಒಂದು ಪತ್ರ ಬರೆಸಿಕೊಂಡು ಬರಲಿ.

ಸವಿತಾ, ಇದು ನಿನಗೆ. ಪಾಸ್ಡ್ ಔಟ್ ಅಂದರೆ ಇಲ್ಲಿ ಜ್ಞಾನ ತಪ್ಪಿ ಬಿದ್ದರು ಅಂತ ಅರ್ಥ. ಅದಕ್ಕೇ ಆ ಹುಡುಗಿ ನಕ್ಕಿದ್ದು. ಇನ್ನು ಮೇಲೆ "ಐ ಗ್ರಾಜುಯೇಟೆಡ್" ಅನ್ನು, ಮುಗೀತು. "ಐ ಯಾಮ್ ಹ್ಯಾವಿಂಗ್ ಟೂ ಬ್ರದರ್ಸ್" ಅನ್ನಬೇಡ, "ಐ ಹ್ಯಾವ್" ಸಾಕು. ಊಟ ಮಾಡುತ್ತಿದ್ದರೆ "ಐ ಯಾಮ್ ಹ್ಯಾವಿಂಗ್ ಲಂಚ್" ಸರಿ, ಆದರೆ ಅಣ್ಣ, ಮನೆ, ಹೊಲ ಇವು ಇರುವಂಥವು, ಅವಕ್ಕೆ ಇಂಗ್ ಹಚ್ಚಬಾರದು. ನಮಗೆ ನಿಜವಾಗಿ ಕೈಕೊಡುವುದು ಸಿನ್ಸ್ ಮತ್ತು ಫಾರ್. ನಾವು 2019ರಿಂದ ಅಂತೀವಿ, ಐದು ವರ್ಷದಿಂದ ಅಂತಲೂ ಅಂತೀವಿ, ಎರಡಕ್ಕೂ ಒಂದೇ "ಇಂದ". ಇವರು ಹಾಗಲ್ಲ. ಯಾವತ್ತು ಶುರುವಾಯಿತು ಅಂತ ಹೇಳಿದರೆ ಸಿನ್ಸ್, ಎಷ್ಟು ಕಾಲ ಅಂತ ಹೇಳಿದರೆ ಫಾರ್. ಅಂದರೆ "ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಫೈವ್ ಇಯರ್ಸ್". "ಐ ಯಾಮ್ ಲಿವಿಂಗ್ ಸಿನ್ಸ್ ಫೈವ್ ಇಯರ್ಸ್" ಅಂದರೆ ನಮ್ಮ ಊರು ತಕ್ಷಣ ಗೊತ್ತಾಗುತ್ತೆ. ಗೊತ್ತಾದರೆ ಆಗಲಿ ಬಿಡು, ಅದು ಬೇರೆ ಮಾತು.

ಇವರೇನು ಮಹಾ ಶುದ್ಧ ಅಂದುಕೊಂಡೆಯಾ? ಇಲ್ಲಿ ಯಾರ್ಕ್‌ಶೈರ್‌ನಲ್ಲಿ ಹಳಬರು ಒಂಬತ್ತರಿಂದ ಐದರವರೆಗೆ ಅನ್ನೋಕೆ "ನೈನ್ ವೈಲ್ ಫೈವ್" ಅಂತಾರೆ. "ಐ ವಾಸ್ ಸಿಟ್ಟಿಂಗ್" ಅನ್ನೋ ಕಡೆ "ಐ ವಾಸ್ ಸ್ಯಾಟ್" ಅಂತ ಓದಿದವರೇ ಅಂತಾರೆ, ಅದನ್ನೇ ನೀನು ಪರೀಕ್ಷೆಯಲ್ಲಿ ಬರೆದಿದ್ದರೆ ನಮ್ಮ ಸರ್ ಕೆಂಪು ಗೆರೆ ಎಳೆದಿರುತ್ತಿದ್ದರು. ಟೀ ಅಂದರೆ ಎಷ್ಟೋ ಮನೆಗಳಲ್ಲಿ ರಾತ್ರಿ ಊಟ, ಕಪ್ಪಿನ ಚಹಾ ಒಂದೇ ಅಲ್ಲ. ಟೆಸ್ಕೋ ಅಂಗಡಿಯವರು "ಟೆನ್ ಐಟಮ್ಸ್ ಆರ್ ಲೆಸ್" ಅಂತ ಬೋರ್ಡ್ ಹಾಕಿದ್ದರು. ಎಣಿಸುವ ವಸ್ತುಗಳಿಗೆ ಫ್ಯೂವರ್ ಆಗಬೇಕು, ಲೆಸ್ ಅಲ್ಲ ಅಂತ ಜನ ತಕರಾರು ತೆಗೆದರು. 2008ರಲ್ಲಿ ಆ ಜಗಳವೇ ಬೇಡ ಅಂತ "ಅಪ್ ಟು ಟೆನ್ ಐಟಮ್ಸ್" ಮಾಡಿದರು! ಬರ್ಮಿಂಗ್‌ಹ್ಯಾಮ್ ಕೌನ್ಸಿಲ್‌ನವರಂತೂ 2009ರಲ್ಲಿ ಬೀದಿ ಬೋರ್ಡ್‌ಗಳಿಗೆ ಅಪಾಸ್ಟ್ರಫಿಯೇ (ಎಸ್ ಅಕ್ಷರದ ಪಕ್ಕ ಮೇಲೆ ಹಾಕುವ ಚಿಕ್ಕ ಕೊಕ್ಕೆ) ಬೇಡ ಅಂದುಬಿಟ್ಟರು. ತಮ್ಮ ಭಾಷೆಯ ಮೇಲೆ ತಾವೇ ಹೀಗೆ ಕಿತ್ತಾಡುವವರ ಮುಂದೆ ನೀನೇಕೆ ಅಂಜಬೇಕು?

ಅಪ್ಪಾ, ನನಗೆ ಇಂಗ್ಲಿಷಿನ ಚಿಂತೆ ಒಂದು ಚೂರೂ ಇಲ್ಲ. ಬೇರೆ ಒಂದು ಕೇಳಬೇಕು. ತಂಗಿ ನಕ್ಕಾಗ ಹುಡುಗ ಏನು ಮಾಡಿದ? ಅವನೂ ನಕ್ಕನೋ, ಸುಮ್ನೆ ಕೂತನೋ, ಅವಳಿಗೆ ಏನಾದರೂ ಅಂದನೋ? ಶ್ರೀಶೈಲ ಅದನ್ನು ಬರೆದೇ ಇಲ್ಲ. ಸವಿತಾಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿ, ಅವ್ವನ ಎದುರು ಬೇಡ. ಅವನೂ ನಕ್ಕಿದ್ದರೆ ನಿಶ್ಚಯದ ತಾರೀಖು ಹಿಡಿಯಬೇಡಿ, ಹಾಲ್‌ನವರಿಗೆ ಅಡ್ವಾನ್ಸ್ ಕೊಡಬೇಡಿ. ಲೆಸ್ಟರ್ ಇಲ್ಲಿಂದ ದೂರ ಇಲ್ಲ, ರೈಲು ಹತ್ತಿ ಹೋಗಿ ನಾನೇ ಅವನನ್ನು ನೋಡಿಕೊಂಡು ಬರುತ್ತೇನೆ.

ಉಳಿದಂತೆ ಎಲ್ಲಾ ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ, ಏನೂ ಗಾಬರಿ ಆಗಬೇಡಿ. ಅವ್ವ ಊಟ ಮಾಡಬೇಕು. ಅಪ್ಪ ಬಿಪಿ ಗುಳಿಗೆ ಬಿಡಬಾರದು. ಬಸ್ಸಿಗೆ ಹೊತ್ತಾಯಿತು, ಕಾಕಾ ಮನೆಯವರಿಗೆ ಕೇಳಿದೆ ಅಂತ ಹೇಳಿ. ಹುಡುಗನ ವಿಷಯ ಇವತ್ತೇ ಬರೆಯಿರಿ.

ನಿಮ್ಮ
ಗಿರಿಜಾ