ಎರಡನೇ ಸಾಲಿನ ಕೂಸಿಗೆ ಹಸಿವಾಗಿತ್ತು

ಮಾನ್ಯ ಸಂಪಾದಕರೇ,

ಆಗಸ್ಟ್ ಮೊದಲ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಸ್ತನ್ಯಪಾನ ಸಪ್ತಾಹದ ಫೋಟೊ ಬಂದಿತ್ತು. ಪಕ್ಕದಿಂದ ತೆಗೆದದ್ದು. ಒಂದು ಬದಿಗೆ ದೀಪ ಹಚ್ಚುತ್ತಿರುವ ಗಣ್ಯರು, ಇನ್ನೊಂದು ಬದಿಗೆ ಕುರ್ಚಿಗಳಲ್ಲಿ ಕೂತ ಬಾಣಂತಿಯರು. ನಾನು ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎರಡನೇ ಸಾಲಿನಲ್ಲಿ ಒಬ್ಬ ಹುಡುಗಿಯ ಹೆಗಲ ಮೇಲೆ ಒಂದು ಕೂಸು. ಮುಷ್ಟಿ ಬಾಯಲ್ಲಿದೆ. ಮುಖ ತಾಯಿಯ ಕುತ್ತಿಗೆ ಕಡೆ ತಿರುಗಿದೆ. ತಾಯಿ ಪಾಪ ವೇದಿಕೆ ನೋಡುತ್ತಿದ್ದಾಳೆ.

ಆ ಕೂಸಿಗೆ ಹಸಿವಾಗಿತ್ತು. ಇನ್ನು ಹತ್ತು ನಿಮಿಷದಲ್ಲಿ ಚೀರಿರುತ್ತದೆ. ಯಾರೋ ಒಬ್ಬರು ಬಂದು "ಸ್ವಲ್ಪ ಹೊರಗೆ ಕರಕೊಂಡು ಹೋಗಮ್ಮ, ಭಾಷಣ ಕೇಳುವುದಿಲ್ಲ" ಅಂದಿರುತ್ತಾರೆ. ನಡೀತಾ ಇದ್ದದ್ದು ಎದೆಹಾಲಿನ ಕಾರ್ಯಕ್ರಮ, ನೋಡಿ!

ನಾನು ಬೇರೆಯವರ ಮೇಲೆ ಬೆರಳು ತೋರಿಸುತ್ತಿಲ್ಲ. ಕುಮಟಾ, ಹೊನ್ನಾವರ, ಅಂಕೋಲಾ ಕಡೆಯ ಉಪಕೇಂದ್ರಗಳಲ್ಲಿ 37 ವರ್ಷ ಕೆಲಸ ಮಾಡಿ 2021ರಲ್ಲಿ ನಿವೃತ್ತಳಾದ ನರ್ಸ್ ಬಾಯಿ ನಾನು. ಈ ಸಪ್ತಾಹ ಶುರುವಾದದ್ದು 1992ರಲ್ಲಿ. ಅದರ ಕುರ್ಚಿ ಹಾಕಿಸಿದವಳು, ಬ್ಯಾನರ್ ಕಟ್ಟಿಸಿದವಳು, ಸಾಹೇಬರು ಬರುವುದು ತಡವಾದರೆ ಬಾಣಂತಿಯರನ್ನು ಎದ್ದು ಹೋಗದಂತೆ ಹಿಡಿದು ಕೂರಿಸಿದವಳೂ ನಾನೇ. ಆಗ ನನಗೂ ಎರಡನೇ ಸಾಲು ಕಂಡಿರಲಿಲ್ಲ.

ಹೊಸ ತಾಯಂದಿರೇ, ಅಳು ಬರುವುದು ಹಸಿವಿನ ಕೊನೆಗೆ. ಅದಕ್ಕೂ ಮೊದಲು ಕೂಸು ತುಟಿ ನೆಕ್ಕುತ್ತದೆ, ಬಾಯಿ ತೆರೆದು ಆಚೆ ಈಚೆ ತಲೆ ತಿರುಗಿಸುತ್ತದೆ, ಕೈಯನ್ನು ಬಾಯಿಗೆ ಒಯ್ಯುತ್ತದೆ. ಆಗಲೇ ಎತ್ತಿಕೊಳ್ಳಿ. ಅಳುವುದಕ್ಕೆ ಬಿಟ್ಟರೆ ನಾಲಗೆ ಮೇಲೆ ಹೋಗಿಬಿಡುತ್ತದೆ, ಮೊಲೆ ಹಿಡಿಯಲು ಬರುವುದಿಲ್ಲ. ಮೊದಲು ಸಮಾಧಾನ ಮಾಡಬೇಕು, ಆಮೇಲೆ ಹಾಲು. ಗಡಿಯಾರ ನೋಡಿ ಕೊಡುವುದು ಬೇಡ. ದಿನಕ್ಕೆ ಎಂಟು ಸಲ, ಹತ್ತು ಸಲ, ಹನ್ನೆರಡು ಸಲ ಕೇಳುತ್ತದೆ. ರಾತ್ರಿಯೂ ಕೇಳುತ್ತದೆ. ಹಾಲು ಹೆಚ್ಚಿಸುವ ಹಾರ್ಮೋನು ರಾತ್ರಿಯೇ ಜಾಸ್ತಿ ಇರುತ್ತದೆ. ರಾತ್ರಿಯ ಹಾಲು ಬಿಡಿಸಬೇಡಿ.

ನನ್ನದೇ ಒಂದು ಕತೆ ಹೇಳುತ್ತೇನೆ. ನನ್ನ ಮಗ ಹುಟ್ಟಿದ್ದು 1986ರಲ್ಲಿ. ನಾನು ನೌಕರಿಗೆ ಸೇರಿ ಎರಡು ವರ್ಷವಾಗಿತ್ತು. ಊರೂರು ತಿರುಗಿ "ಮೊದಲ ಹಾಲು ಚೆಲ್ಲಬೇಡಿ, ಹುಟ್ಟಿದ ಒಂದು ಗಂಟೆಯೊಳಗೆ ಕೊಡಿ" ಅಂತ ಗಂಟಲು ಹರಿದುಕೊಳ್ಳುತ್ತಿದ್ದೆ. ಅದೇ ವಾರ ನಮ್ಮ ಕೊಟ್ಟಿಗೆಯಲ್ಲಿ ಆಕಳು ಕರು ಹಾಕಿತ್ತು. ಅತ್ತೆ ಅದರ ಹಾಲು ಕರೆದು, ಬೆಲ್ಲ ಏಲಕ್ಕಿ ಹಾಕಿ ಗಿಣ್ಣ ಮಾಡಿ ಕೇರಿಗೆಲ್ಲ ಹಂಚಿದರು. ನನ್ನ ಹಳದಿ ಹಾಲನ್ನು ಮಾತ್ರ "ಕೊಳೆ ಹಾಲು, ಕೂಸಿಗೆ ಆಗುದಿಲ್ಲ" ಅಂತ ಮೂರು ದಿನ ಹಿಂಡಿ ಬಚ್ಚಲಿಗೆ ಚೆಲ್ಲಿಸಿದರು. ಮಗನಿಗೆ ಬೆಲ್ಲದ ನೀರಿನಲ್ಲಿ ಅದ್ದಿದ ಬತ್ತಿ. ಊರಿಗೆಲ್ಲ ಬುದ್ಧಿ ಹೇಳಿದ ನನ್ನ ಬಾಯಿ ಸ್ವಂತ ಮನೆಯಲ್ಲಿ ತೆರೆಯಲಿಲ್ಲ. ಅತ್ತೆ ಕೆಟ್ಟವರಲ್ಲ. ಮಧ್ಯರಾತ್ರಿ ನನ್ನ ಬೆನ್ನಿಗೆ ಬಿಸಿ ಎಣ್ಣೆ ತಿಕ್ಕಿದವರೂ ಅವರೇ. ಕರುವಿಗೆ ಬೇಕಾದದ್ದು ಮೊಮ್ಮಗನಿಗೂ ಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಹೇಳಬೇಕಾದವಳು ಮಗ್ಗುಲಲ್ಲೇ ಮಲಗಿದ್ದೆ.

ಮೊದಲ ದಿನದ ಆ ದಪ್ಪ ಹಾಲು ಬರುವುದೇ ಸ್ವಲ್ಪ. ಕೂಸಿಗೂ ಆಗ ಒಂದು ಸಲಕ್ಕೆ ಬೇಕಾದ್ದು ಒಂದು ಚಹಾ ಚಮಚದ ಹೆಚ್ಚುಕಡಿಮೆ. ಎದೆ ತುಂಬಿ ಹಾಲು ಇಳಿಯುವುದು ಎರಡರಿಂದ ನಾಲ್ಕನೇ ದಿನದೊಳಗೆ. ಆಪರೇಷನ್ ಆಗಿದ್ದರೆ ಇನ್ನೂ ಸ್ವಲ್ಪ ತಡ. ಈ ಮೂರು ದಿನದಲ್ಲೇ ನೋಡಲು ಬಂದವರು "ಹಾಲು ಸಾಕಾಗುದಿಲ್ಲ ಕಾಣ್ತದೆ, ಕೂಸು ಒಣಗಿದೆ" ಅಂದುಬಿಡುತ್ತಾರೆ. ಬಂದವರು ಚಹಾ ಕುಡಿದು ಬಸ್ ಹತ್ತುತ್ತಾರೆ. ಆ ಮಾತು ಮಾತ್ರ ಬಾಣಂತಿಯ ತಲೆಯಲ್ಲಿ ಉಳಿಯುತ್ತದೆ. ಹೆದರಿಕೆ, ನೋವು, ನಿದ್ದೆಗೇಡು ಇದ್ದರೆ ಬರುವ ಹಾಲೂ ಸರಿಯಾಗಿ ಇಳಿಯುವುದಿಲ್ಲ.

ಹೋದ ವರ್ಷ ನಮ್ಮ ಕೇರಿಯ ಹುಡುಗಿಗೆ ಪೇಟೆಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಹೆರಿಗೆಯಾಯಿತು. ಆಸ್ಪತ್ರೆಯ ಹೆಸರು ಬೇಡ. ಮೂರನೇ ದಿನ ಗಂಜಿ ಬುತ್ತಿ ಹಿಡಿದು ಹೋದೆ. ಮಂಚದ ಪಕ್ಕದ ಮೇಜಿನ ಮೇಲೆ ಹಾಲಿನ ಪುಡಿ ಡಬ್ಬ. ಚೀಟಿಯಲ್ಲಿ ಅದರ ಹೆಸರೇ ಬರೆದುಕೊಟ್ಟಿದ್ದರು. ಯಾಕೆ ಅಂತ ಕೇಳಿದರೆ "ಎಲ್ಲರಿಗೂ ಬರೀತೇವೆ" ಅಂದರು. ಹುಡುಗಿ ಕೂಸಿಗೆ ಹಾಲು ಕೊಡುತ್ತಿದ್ದಳು, ಸೆರಗಿನ ತುದಿ ಕಚ್ಚಿ ಹಿಡಿದಿದ್ದಳು. ಕಣ್ಣಲ್ಲಿ ನೀರು. ಕೂಸಿನ ಬಾಯಲ್ಲಿ ಇದ್ದದ್ದು ಮೊಲೆತೊಟ್ಟಿನ ತುದಿ ಮಾತ್ರ.

ಕೋಣೆಯಲ್ಲಿದ್ದ ಐದು ಜನರನ್ನು ಹೊರಗೆ ಕಳಿಸಿದೆ. ಗಂಡನ ಚಿಕ್ಕಮ್ಮನಿಗೆ ಸಿಟ್ಟು ಬಂತು, ಬರಲಿ. ಹುಡುಗಿಯ ಬೆನ್ನಿಗೆ ಎರಡು ದಿಂಬು ಕೊಟ್ಟೆ. ಹೊಟ್ಟೆಯ ಹೊಲಿಗೆಗೆ ಭಾರ ಬೀಳಬಾರದು ಅಂತ ಕೂಸನ್ನು ಕಂಕುಳ ಕೆಳಗೆ ಹಿಡಿಸಿದೆ, ಜಾತ್ರೆಯ ಗದ್ದಲದಲ್ಲಿ ಚೀಲವನ್ನು ಕಂಕುಳಲ್ಲಿ ಒತ್ತಿ ಹಿಡಿಯುತ್ತೇವಲ್ಲ, ಹಾಗೆ. ಕಿವಿ, ಹೆಗಲು, ಸೊಂಟ ಒಂದೇ ಗೆರೆಯಲ್ಲಿರಬೇಕು. ಕುತ್ತಿಗೆ ತಿರುಚಿಕೊಂಡು ನಾವಾದರೂ ಗಂಜಿ ನುಂಗುತ್ತೇವಾ? ಆಮೇಲೆ ತೊಟ್ಟನ್ನು ಕೂಸಿನ ಮೇಲ್ದುಟಿಗೆ ತಾಗಿಸಿ ಕಾದೆವು. ತುಟಿ ಚೂರು ತೆರೆಯಿತು. ಹುಡುಗಿ ಅವಸರ ಮಾಡಿದಳು. "ತಡಿ ತಂಗಿ, ಇನ್ನೂ ಇಲ್ಲ" ಅಂದೆ. ಸ್ವಲ್ಪ ಹೊತ್ತಿಗೆ ಆಕಳಿಸುವ ಹಾಗೆ ದೊಡ್ಡದಾಗಿ ಬಾಯಿ ತೆರೆಯಿತು. ಆ ಕ್ಷಣಕ್ಕೆ ಕೂಸನ್ನೇ ಎದೆಗೆ ತಂದೆವು, ಗದ್ದ ಮೊದಲು ತಾಗುವಂತೆ. ಎದೆಯನ್ನು ಕೂಸಿನ ಕಡೆ ಬಗ್ಗಿಸಿದರೆ ಬಾಣಂತಿಯ ಬೆನ್ನು ಹೋಗುತ್ತದೆ.

ಮೊದಲು ಚುಟುಚುಟು ಚೀಪಿತು. ಮತ್ತೆ ನಿಧಾನವಾಯಿತು. ಚೀಪುವುದು, ನಿಲ್ಲುವುದು, ಗುಳುಕ್. ಮತ್ತೆ ಚೀಪುವುದು, ಗುಳುಕ್. ಕೆಳದುಟಿ ಹೊರಗೆ ಮಡಚಿತ್ತು, ಗದ್ದ ಎದೆಗೆ ಒತ್ತಿತ್ತು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಡೆಯದು ಬಾಯೊಳಗೆ, ಮೇಲಿನದು ಚೂರು ಕಾಣುತ್ತಿತ್ತು. ಹುಡುಗಿ ಸೆರಗು ಬಾಯಿಂದ ಬಿಟ್ಟಳು. "ನೋವಾಗ್ತಾ ಇಲ್ಲ ಬಾಯೋರೇ" ಅಂದಳು. ಇಡೀ ಕೆಲಸಕ್ಕೆ ಹಿಡಿದದ್ದು ಅರ್ಧ ಗಂಟೆ. ಮೂರು ದಿನದಲ್ಲಿ ಆ ಅರ್ಧ ಗಂಟೆ ಯಾರಿಗೂ ಸಿಕ್ಕಿರಲಿಲ್ಲ.

ನೋವಾದರೆ ಹಿಡಿತ ಸರಿಯಿಲ್ಲ ಅಂತಲೇ ತಿಳಿಯಿರಿ. ಎಳೆದು ಬಿಡಿಸಬೇಡಿ. ತೊಳೆದ ಕಿರುಬೆರಳನ್ನು ಕೂಸಿನ ಬಾಯಿಯ ಮೂಲೆಗೆ ತೂರಿಸಿ, ಹಿಡಿತ ಸಡಿಲವಾಗುತ್ತದೆ, ಮತ್ತೆ ಹಿಡಿಸಿ. ತೊಟ್ಟು ಒಡೆದಿದ್ದರೆ ಸೋಪು ಹಾಕಬೇಡಿ. ಹಾಲು ಕುಡಿಸಿದ ಮೇಲೆ ನಾಲ್ಕು ಹನಿ ನಿಮ್ಮದೇ ಹಾಲು ಸವರಿ ಗಾಳಿಗೆ ಒಣಗಲು ಬಿಡಿ. ಎದೆ ಕಲ್ಲಿನಂತೆ ಗಟ್ಟಿಯಾದರೆ ಕುಡಿಸುವ ಮುಂಚೆ ಬಿಸಿ ನೀರಿನ ಬಟ್ಟೆ, ಕುಡಿಸಿದ ಮೇಲೆ ತಣ್ಣನೆ ಬಟ್ಟೆ. ಒಂದು ಕಡೆ ಕೆಂಪಾಗಿ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಬೇಕು, ಆದರೆ ಹಾಲು ಕೊಡುವುದು ನಿಲ್ಲಿಸಬಾರದು. ನಿಲ್ಲಿಸಿದರೆ ಇನ್ನೂ ಕಟ್ಟಿಕೊಳ್ಳುತ್ತದೆ.

ಹಾಲು ಸಾಕಾಗುತ್ತಿದೆಯಾ ಅಂತ ತಿಳಿಯಲು ನೆಂಟರನ್ನು ಕೇಳಬೇಡಿ, ಬಟ್ಟೆ ಎಣಿಸಿ. ಮೊದಲ ದಿನ ಒಂದು ಸಲ ಉಚ್ಚೆ ಹೊಯ್ದರೂ ಸಾಕು, ಎರಡನೇ ದಿನ ಎರಡು. ಐದಾರು ದಿನ ಕಳೆದ ಮೇಲೆ ಹಗಲು ರಾತ್ರಿ ಸೇರಿ ಆರು ಸಲಕ್ಕೆ ಕಡಿಮೆ ಇರಬಾರದು. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಬಟ್ಟೆ ಒಣಗುವುದಿಲ್ಲ, ಎಲ್ಲರೂ ಡೈಪರ್ ಕಟ್ಟುತ್ತಾರೆ, ಲೆಕ್ಕ ತಪ್ಪುತ್ತದೆ. ಮೊದಲ ಎರಡು ವಾರವಾದರೂ ಹಳೆ ಸೀರೆಯ ತುಂಡು ಕಟ್ಟಿ, ಬಚ್ಚಲ ಒಲೆಯ ಮೇಲೆ ಹಗ್ಗ ಹಾಕಿ ಒಣಗಿಸಿ. ತೂಕವೂ ಹಾಗೇ. 3 ಕೆಜಿ ಇದ್ದ ಕೂಸು ಮೊದಲ ದಿನಗಳಲ್ಲಿ 2 ಕೆಜಿ 800 ಗ್ರಾಂಗೆ ಇಳಿದರೆ ಅದು ಒಣಗಿದ್ದಲ್ಲ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಬರಬೇಕು. ಬರದಿದ್ದರೆ, ಉಚ್ಚೆ ಕಡಿಮೆಯಾದರೆ, ಎಬ್ಬಿಸಿದರೂ ಏಳದೆ ಮಂಕಾಗಿ ಮಲಗಿದರೆ, ಅಂಗೈ ಅಂಗಾಲು ಹಳದಿ ಆದರೆ ಮನೆಮದ್ದು ಮಾಡುತ್ತ ಕೂರಬೇಡಿ, ಆ ದಿನವೇ ಆಸ್ಪತ್ರೆಗೆ ಹೋಗಿ. ನಿಜವಾಗಿಯೂ ಹಾಲು ಕಡಿಮೆ ಇರುವ ತಾಯಂದಿರು ಇದ್ದಾರೆ. ಕೂಸನ್ನು ನೋಡಿ, ತೂಗಿ ಡಾಕ್ಟರು ಪುಡಿ ಹಾಲು ಬರೆದರೆ ಅದು ಔಷಧಿ ಇದ್ದ ಹಾಗೆ. ಅದರಲ್ಲಿ ನಾಚಿಕೆ ಏನಿಲ್ಲ. ನೋಡದೆ ಬರೆಯುವುದರ ಮೇಲೆ ನನ್ನ ಸಿಟ್ಟು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಬಾಟಲಿಗಳಿಗೆ ಜಾಹೀರಾತು ಮಾಡಬಾರದು, ಪುಕ್ಕಟೆ ಡಬ್ಬ ಹಂಚಬಾರದು ಅಂತ ನಮ್ಮ ದೇಶದಲ್ಲಿ 1992ರಿಂದ ಕಾಯ್ದೆಯೇ ಇದೆ. 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ.

ಮೂರ್ಸಂಜೆಯ ಅಳುವಿನ ಬಗ್ಗೆ ಒಂದು ಮಾತು. ಹಗಲೆಲ್ಲ ಚೆನ್ನಾಗಿದ್ದ ಕೂಸು ದೀಪ ಹಚ್ಚುವ ಹೊತ್ತಿಗೆ ರಚ್ಚೆ ಹಿಡಿಯುತ್ತದೆ. ಹತ್ತು ನಿಮಿಷ ಕುಡಿದು ಬಿಡುತ್ತದೆ, ಮತ್ತೆ ಕೇಳುತ್ತದೆ. ಒಬ್ಬರು ದೃಷ್ಟಿ ಅನ್ನುತ್ತಾರೆ, ಇನ್ನೊಬ್ಬರು ಹಾಲು ಬತ್ತಿತು ಅನ್ನುತ್ತಾರೆ. ಬಹಳ ಕೂಸುಗಳು ಸಂಜೆ ಹೊತ್ತು ಹಾಗೇ ಒಂದರ ಹಿಂದೆ ಒಂದು ಕುಡಿಯುತ್ತವೆ. ದೃಷ್ಟಿ ತೆಗೆಯಬೇಕು ಅನ್ನಿಸಿದರೆ ತೆಗೆಯಿರಿ, ಉಪ್ಪು ಮೆಣಸು ಒಲೆಗೆ ಹಾಕಿದರೆ ಯಾರಿಗೂ ನಷ್ಟವಿಲ್ಲ. ಹೊಗೆ ಮಾತ್ರ ಕೂಸಿನ ಹತ್ತಿರ ಬೇಡ. ತೆಗೆದ ಮೇಲೆ ಮತ್ತೆ ಎದೆಗೆ ಹಾಕಿ.

ಜೇನು ನೆಕ್ಕಿಸುವುದು, ಬಜೆ ತೇದು ಕುಡಿಸುವುದು, ಗ್ರೈಪ್ ವಾಟರ್ ಯಾವುದೂ ಬೇಡ. ಏಪ್ರಿಲ್ ಮೇ ಸೆಕೆಯಲ್ಲಿ ಕಾರವಾರದಿಂದ ಭಟ್ಕಳದವರೆಗೆ ಎಲ್ಲ ಅಜ್ಜಿಯರೂ ಕೇಳುತ್ತಾರೆ, "ನಮಗೇ ಬಾಯಾರ್ತದೆ, ಕೂಸಿಗೆ ಒಂದು ಚಮಚ ನೀರಾದರೂ ಬೇಡ್ವಾ?" ಬೇಡ. ಎದೆಹಾಲಿನಲ್ಲಿ ನೂರರಲ್ಲಿ ಎಂಬತ್ತೇಳು ಎಂಬತ್ತೆಂಟು ಪಾಲು ನೀರೇ ಇದೆ. ಆರು ತಿಂಗಳು ತುಂಬುವ ತನಕ ಬರೀ ಎದೆಹಾಲು. ನೀರು ಬೇಕಾದ್ದು ಬಾಣಂತಿಗೆ. ಅವಳಿಗೇ ನಮ್ಮಲ್ಲಿ "ಕೂಸಿಗೆ ಶೀತ ಆಗ್ತದೆ" ಅಂತ ಲೋಟ ಅಳೆದು ನೀರು ಕೊಡುತ್ತಾರೆ! ಹಾಲು ಕೊಡಲು ಕೂರುವಾಗಲೆಲ್ಲ ಪಕ್ಕದಲ್ಲಿ ಒಂದು ಚೊಂಬು ಬಿಸಿ ನೀರು ಇರಲಿ. ಮೆಂತೆ ಗಂಜಿ, ಬೆಳ್ಳುಳ್ಳಿ, ಮೀನುಗಾರರ ಮನೆಯ ಮೋರಿ ಮೀನಿನ ಸಾರು ಎಲ್ಲ ಒಳ್ಳೆಯದೇ, ಹೊಟ್ಟೆ ತುಂಬ ತಿನ್ನಲಿ. ಆದರೆ ಕೂಸು ಕುಡಿದಷ್ಟೂ ಹಾಲು ಬರುತ್ತದೆ. ಕುಡಿಸದೆ ಬರೀ ಲೇಹ ತಿಂದರೆ ತಿಂದವಳ ಸೊಂಟ ಬೆಳೆದೀತು.

ನೌಕರಿಯವರಿಗೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಅಂತ 2017ರಲ್ಲಿ ಕಾಯ್ದೆ ಬದಲಾಯಿತು. ಮೀನು ಬುಟ್ಟಿ ಹೊರುವವಳಿಗೆ ರಜೆ ಕೊಡುವವರು ಯಾರು? ಹೊನ್ನಾವರ ಕಡೆ ಇದ್ದಾಗ ಒಬ್ಬಳು ಎರಡು ತಿಂಗಳ ಕೂಸು ಬಿಟ್ಟು ಬೆಳಿಗ್ಗೆ ಐದಕ್ಕೆ ಬಂದರಿಗೆ ಹೋಗುತ್ತಿದ್ದಳು. ಅವಳಿಗೆ ಹಾಲು ಹಿಂಡುವುದು ಕಲಿಸಿದೆ. ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿಟ್ಟು ಮೊದಲು ಎದೆಗೂಡಿನ ಕಡೆ ಒತ್ತಬೇಕು, ಆಮೇಲೆ ಬೆರಳು ಕೂಡಿಸಿ ಅದುಮಬೇಕು. ಚರ್ಮದ ಮೇಲೆ ಜಾರಿಸಿ ಎಳೆಯಬಾರದು. ಕುದಿಸಿದ ಸ್ಟೀಲ್ ಬಟ್ಟಲು, ಮೇಲೆ ಮುಚ್ಚಳ. ನಮ್ಮ ಸೆಕೆಗೆ ನಾಲ್ಕು ಗಂಟೆಯೊಳಗೆ ಖಾಲಿ ಮಾಡಬೇಕು. ಒಲೆಯ ಮೇಲೆ ಕಾಸಬಾರದು. ಅವಳ ಅತ್ತೆ ಅಟ್ಟದಿಂದ ಹಳೆಯ ಒಳಲೆ, ಅಂದರೆ ಕೂಸಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು, ಇಳಿಸಿ, ಹುಣಸೆಹಣ್ಣು ಹಾಕಿ ಬೆಳಗಿ, ಕುದಿಸಿ ಅದರಲ್ಲೇ ಕುಡಿಸಿದರು. ಬಾಟಲಿ ತರಲು ಬಿಡಲಿಲ್ಲ. ಬಾಟಲಿಯ ನಿಪ್ಪಲ್ ಸಂದಿ ತೊಳೆಯುವುದು ಕಷ್ಟ, ಅದರ ರುಚಿ ಹತ್ತಿದ ಕೂಸು ಎದೆ ಬೇಡ ಅನ್ನುವುದೂ ಉಂಟು. ಅತ್ತೆಗೆ ಇದ್ದ ಹೆದರಿಕೆ ಒಂದೇ: "ಬಿಸಿಲಲ್ಲಿ ತಿರುಗಿ ಬಂದವಳ ಹಾಲು ಕಾದಿರ್ತದೆ, ಮೊದಲು ಹಿಂಡಿ ಚೆಲ್ಲಬೇಕು." ಹಾಲು ಕಾಯುವುದಿಲ್ಲ. ಕೈ, ಎದೆ ತೊಳೆದು ಕೂತರೆ ಆಯಿತು. ಮೀನಿನ ವಾಸನೆಗೂ ಕೂಸು ಮುಖ ತಿರುಗಿಸಲಿಲ್ಲ, ಒಂದೂವರೆ ವರ್ಷ ಕುಡಿಯಿತು.

ಇಷ್ಟೆಲ್ಲ ಬರೆದದ್ದು ಒಂದು ಬೇಡಿಕೆಗೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಆರು ಸಲ ಹೋಗಬೇಕು. ಮೂರನೇ ದಿನ, ಏಳನೇ ದಿನ, ಹೀಗೆ 42ನೇ ದಿನದವರೆಗೆ. ಅವರಿಗೆ ತುಂಬಬೇಕಾದ ಫಾರಂ ಬಹಳ, ನನಗೆ ಗೊತ್ತು. ಆದರೂ ಆರರಲ್ಲಿ ಒಂದು ಸಲ ಪೆನ್ನು ಕೆಳಗಿಟ್ಟು, ಕೂಸು ಎದೆ ಹಿಡಿಯುವುದನ್ನು ಪೂರ್ತಿ ನೋಡಿ ಬರಲಿ. ಆಸ್ಪತ್ರೆಗಳಲ್ಲಿ ಬಾಣಂತಿಯ ಪಕ್ಕ ಅರ್ಧ ಗಂಟೆ ಕೂರಲು ಒಬ್ಬರನ್ನು ನೇಮಿಸಲಿ. ನನ್ನಂಥ ನಿವೃತ್ತರು ಜಿಲ್ಲೆಯಲ್ಲಿ ಎಷ್ಟೋ ಜನ ಇದ್ದೇವೆ, ಕರೆದರೆ ಬರುತ್ತೇವೆ, ಬಸ್ ಚಾರ್ಜು ಕೊಟ್ಟರೆ ಸಾಕು.

ಮುಂದಿನ ಆಗಸ್ಟಿನಲ್ಲಿ ನಿಮ್ಮ ಫೋಟೊಗ್ರಾಫರ್ ವೇದಿಕೆಗೆ ಬೆನ್ನು ಹಾಕಿ ನಿಲ್ಲಲಿ. ಹಸಿರು ಸೀರೆಯೋ ನೀಲಿ ಸೀರೆಯೋ, ಪತ್ರಿಕೆಯ ಕಪ್ಪು ಬಿಳಿ ಪುಟದಲ್ಲಿ ತಿಳಿಯಲಿಲ್ಲ. ಆ ಎರಡನೇ ಸಾಲಿನ ಹುಡುಗಿ ಇದನ್ನು ಓದಿದರೆ ಒಂದು ಮಾತು: ತಂಗಿ, ಭಾಷಣ ನಡೀತಾ ಇದ್ದರೂ ಕೂತಲ್ಲೇ ಸೆರಗು ಮುಚ್ಚಿ ಕುಡಿಸು. ಯಾರಾದರೂ ಏನಾದರೂ ಅಂದರೆ ಬ್ಯಾನರ್ ತೋರಿಸು.

ಇತಿ,
ಒಬ್ಬ ನಿವೃತ್ತ ನರ್ಸ್ ಬಾಯಿ
ಕುಮಟಾ ತಾಲ್ಲೂಕು