ಭಾನುವಾರ ಕಲ್ಲುಹೂವು ನೋಡುವ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ತೀರ್ಥಹಳ್ಳಿಯ ನಮ್ಮ ಮನೆ ಜಗಲಿಯಲ್ಲಿ ಮೈಕ್ರೋಸ್ಕೋಪ್ ಇಟ್ಟು, ಮರ, ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವು (ಲೈಕನ್) ನೋಡೋಣ. ಇರುವುದು ಎರಡೇ ಮೈಕ್ರೋಸ್ಕೋಪ್. ಹಾಗಾಗಿ 12 ಜನಕ್ಕೆ ಮಾತ್ರ ಜಾಗ, ಮಕ್ಕಳಿಗೆ ಮೊದಲು.

ನಿನ್ನೆ ಹಲಸಿನ ಕೊಂಬೆಯ ಮೇಲಿದ್ದ ಒಂದು ಚೂರನ್ನು ಹೊಸ ಬ್ಲೇಡಿನಲ್ಲಿ ತೆಳ್ಳಗೆ ಕೊಯ್ದು, ಒಂದು ಹನಿ ನೀರು ಹಾಕಿ ನೋಡಿದೆ. ಮೇಲೆ ಗಟ್ಟಿ ಸಿಪ್ಪೆ. ಅದರ ಕೆಳಗೆ ಹಸಿರು ಮಣಿಗಳ ಸಾಲು. ಆಮೇಲೆ ಹತ್ತಿ ಹಿಂಜಿದ ಹಾಗೆ ಬಿಳಿ ಎಳೆಗಳು. ಮಣಿಗಳು ಪಾಚಿ, ಎಳೆಗಳು ಶಿಲೀಂಧ್ರ. ಪಾಚಿ ಬಿಸಿಲಿನಿಂದ ಊಟ ತಯಾರಿಸುತ್ತದೆ, ಶಿಲೀಂಧ್ರ ಅದಕ್ಕೆ ಮನೆ ಕಟ್ಟಿಕೊಡುತ್ತದೆ. ಕೆಲವದರ ಅಂಚಿನಲ್ಲಿ ಹಿಟ್ಟಿನಂಥ ಪುಡಿ ಇರುತ್ತದಲ್ವಾ, ಅದನ್ನಂತೂ ಬಿಡದೆ ನೋಡಬೇಕು. ಒಂದೊಂದು ಕಣದಲ್ಲೂ ನಾಲ್ಕಾರು ಪಾಚಿ, ಸುತ್ತ ಎಳೆ. ಗಾಳಿಗೋ ಮಳೆಹನಿಗೋ ಹಾರಿ ಸರಿಯಾದ ಜಾಗದಲ್ಲಿ ಕೂತರೆ ಅಲ್ಲೇ ಹೊಸದು ಶುರು.

ಬರುವಾಗ ತೋಟದಲ್ಲಿ ಬಿದ್ದ ಕೊಂಬೆ ಮಾತ್ರ ತನ್ನಿ. ಮರದಿಂದ, ಬಂಡೆಯಿಂದ ದಯವಿಟ್ಟು ಕೆರೆಯಬೇಡಿ. ಬಂಡೆಗೆ ಅಂಟಿ ಬೆಳೆಯುವ ಎಷ್ಟೋ ಕಲ್ಲುಹೂವು ವರ್ಷಕ್ಕೆ 1 ಮಿಲಿಮೀಟರ್ ಕೂಡ ಹರಡುವುದಿಲ್ಲ. ಅಂಗೈ ಅಗಲದ್ದು ನಮ್ಮ ಅಜ್ಜಿಗಿಂತ ಹಿರಿದಿರಬಹುದು.

ಪ್ಲಾಸ್ಟಿಕ್ ಕವರ್ ಬೇಡ, ಬೂಸ್ಟು ಹಿಡಿಯುತ್ತದೆ. ಹಳೇ ಪೇಪರಿನಲ್ಲಿ ಸುತ್ತಿ, ಯಾವ ಮರದ್ದು ಅಂತ ಬರೆದಿಡಿ. ಭೂತಗನ್ನಡಿ ಇದ್ದವರು ಅದನ್ನೂ ತನ್ನಿ.

ಬರುವವರು ಗುರುವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ, ಜೊತೆಗೆ ಎಷ್ಟು ಮಕ್ಕಳು ಅಂತಲೂ ತಿಳಿಸಿ. ಮಧ್ಯಾಹ್ನದ ಊಟ ನಮ್ಮಲ್ಲೇ.