ಪೊರಕೆಯಷ್ಟೇ ಅಲ್ಲ, ಕುರ್ಚಿಯನ್ನೂ ಕೊಡಿ

ಸಂಪಾದಕರಿಗೆ ನಮಸ್ಕಾರ.

ಗ್ರಾಮ ಪಂಚಾಯಿತಿ ಚುನಾವಣೆಯ ಮಾತು ಊರೂರಲ್ಲೂ ಶುರುವಾಗಿದೆ. 2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದವರ ಅವಧಿ ಮುಗಿದು, ಹೊಸಬರು ಬರುವ ಹೊತ್ತು. ಯುವಶಕ್ತಿಯ ಮೇಲಿನ ಭಾಷಣಗಳಿಗೆ ಈ ಸಲವೂ ಬರವಿರುವುದಿಲ್ಲ. ಅವು ಶುರುವಾಗುವ ಮುಂಚೆ ನನ್ನದೊಂದು ತಕರಾರು.

ತಿಪಟೂರು ಸೀಮೆಯ ಪದವಿ ಕಾಲೇಜೊಂದರಲ್ಲಿ ಬಹಳ ವರ್ಷ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕಾರ್ಯಕ್ರಮಾಧಿಕಾರಿಯಾಗಿದ್ದವನು ನಾನು. ಏಳು ದಿನಗಳ ವಿಶೇಷ ಶಿಬಿರ ಎಂದರೆ ಉದ್ಘಾಟನೆಗೆ ಶಾಮಿಯಾನ, ಸಮಾರೋಪಕ್ಕೆ ಶಾಲು, ಹಾರ. ನಡುವೆ ಹುಡುಗರು ಮಾಡುತ್ತಿದ್ದ ಕೆಲಸ ಮಾತ್ರ ಸುಳ್ಳಲ್ಲ. ಒಂದು ಊರಿನಲ್ಲಿ ಹಾಳುಬಿದ್ದ ಕಲ್ಯಾಣಿಗೆ ಇಳಿದು, ಮೆಟ್ಟಿಲ ಸಂದಿಯ ಎಕ್ಕದ ಗಿಡಗಳನ್ನು ಬೇರುಸಮೇತ ಕಿತ್ತು, ಬಾಣಲಿಯಿಂದ ಬಾಣಲಿಗೆ ಹೂಳು ದಾಟಿಸಿದರು. ತಳದ ಕಲ್ಲುಹಾಸು ಕಂಡ ದಿನ ಊರ ಹಿರಿಯರೇ ಇಳಿದು ಬಂದು ನೋಡಿದರು. ಗಣೇಶನ ಹಬ್ಬ ಕಳೆಯುವ ಹೊತ್ತಿಗೆ ಅದೇ ಕಲ್ಯಾಣಿಯಲ್ಲಿ ಊಟದ ತಟ್ಟೆಗಳು, ಪಿಒಪಿ ಮೂರ್ತಿಯ ಮುರಿದ ಸೊಂಡಿಲು ತೇಲುತ್ತಿದ್ದವು.

ಊರಿನದೇ ಐದಾರು ಹುಡುಗರು ‘ತಿಂಗಳಿಗೊಂದು ಭಾನುವಾರ ನಾವೇ ನೋಡಿಕೊಳ್ಳುತ್ತೇವೆ ಸಾರ್’ ಎಂದು ಮುಂದೆ ಬಂದರು. ಹಾರೆ, ಗುದ್ದಲಿ ಪಂಚಾಯಿತಿಯ ಕೊಠಡಿಯಲ್ಲಿ. ಅದರ ಬೀಗದ ಕೈ ನೀರುಗಂಟಿಯ ಹತ್ತಿರ. ನೀರುಗಂಟಿ ಭಾನುವಾರ ಫೋನ್ ಎತ್ತುವುದಿಲ್ಲ. ಕಸ ಸಾಗಿಸಲು ಟ್ರ್ಯಾಕ್ಟರ್ ಕೇಳಿದರೆ ‘ಕ್ರಿಯಾಯೋಜನೆಯಲ್ಲಿ ಇಲ್ಲ’ ಎಂಬ ಉತ್ತರ. ನಿಜವೇ, ಇರಲಿಲ್ಲ. ಅದನ್ನು ಸೇರಿಸುವ ಸಭೆಯಲ್ಲಿ ಈ ಹುಡುಗರಿಗೆ ಜಾಗವೂ ಇರಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ತಂಡ ಚದುರಿತು. ‘ಈಗಿನವರಿಗೆ ಮೊಬೈಲ್ ಬಿಟ್ಟರೆ ಬೇರೆ ಲೋಕವಿಲ್ಲ’ ಎಂದು ಅರಳಿಕಟ್ಟೆಯಲ್ಲಿ ತೀರ್ಪೂ ಬಂತು.

ಎನ್‌ಎಸ್‌ಎಸ್ ವಿದ್ಯಾರ್ಥಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಮುಗಿಸಿ ಪ್ರಮಾಣಪತ್ರ ಹಿಡಿದು ಹೊರಡುತ್ತಾನೆ. ಪಂಚಾಯಿತಿ ಅಧ್ಯಕ್ಷರದು 30 ತಿಂಗಳ ಅಧಿಕಾರ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಯಾವಾಗ ವರ್ಗವೋ ಅವರಿಗೇ ಗೊತ್ತಿರುವುದಿಲ್ಲ. ಎಲ್ಲರೂ ದಾರಿಹೋಕರಾಗಿರುವ ಕಡೆ ಬರೀ ಹುಮ್ಮಸ್ಸನ್ನು ನೆಚ್ಚಿಕೊಂಡರೆ ಆಗುವುದು ಇದೇ.

ಹಾಗೆಂದು ಹೊಸ ಯೋಜನೆಯೇನೂ ಬೇಕಿಲ್ಲ. 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯ 61ನೇ ಪ್ರಕರಣವನ್ನು ತೆರೆದು ನೋಡಿದರೆ ಸಾಕು. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಉತ್ಪಾದನೆ, ಸಾಮಾಜಿಕ ನ್ಯಾಯ, ಸೌಕರ್ಯಗಳಿಗೆ ಒಂದೊಂದು ಸ್ಥಾಯಿ ಸಮಿತಿ ಇರಬೇಕು. ಅವುಗಳಿಗೆ ರೈತರ ಕೂಟ, ಮಹಿಳಾ ಮಂಡಲ, ಯುವಕ ಮಂಡಲಗಳ ಸದಸ್ಯರನ್ನು ಸೇರಿಸಿಕೊಳ್ಳಬಹುದು ಎಂದು ಅದು ಹೇಳುತ್ತದೆ. ನಾನು ಶಿಬಿರ ಮಾಡಿದ ಯಾವ ಊರಿನಲ್ಲೂ ಹಾಗೆ ಸೇರಿಕೊಂಡ ಒಬ್ಬ ಹುಡುಗನನ್ನೂ ಕಾಣಲಿಲ್ಲ. ಕೇಳಿದರೆ ಸದಸ್ಯರೇ ‘ಅಂಥದ್ದೊಂದು ಇದೆಯೇ?’ ಎನ್ನುತ್ತಿದ್ದರು.

ಹೊಸ ಪಂಚಾಯಿತಿಗಳು ಸಮಿತಿ ರಚಿಸುವಾಗಲೇ ಸೌಕರ್ಯ ಸಮಿತಿಗೆ ಊರಿನ ಇಬ್ಬರು ಯುವಜನರನ್ನು ಸೇರಿಸಿಕೊಳ್ಳಲಿ. ಒಬ್ಬಳಾದರೂ ಹುಡುಗಿಯಿರಲಿ; ಶಿಬಿರದ ಕೊನೆಯ ದಿನ ಬಾಣಲಿ ಎಣಿಸಿ, ತೊಳೆದಿಟ್ಟು ಹೋಗುತ್ತಿದ್ದವರು ಅವರೇ. ಸ್ವಯಂಸೇವಕರ ಹೆಸರು, ಮಾಡಿದ ಕೆಲಸ ಬರೆದಿಡುವ ಪುಸ್ತಕವೂ ಸಲಕರಣೆ ಕೊಠಡಿಯ ಇನ್ನೊಂದು ಬೀಗದ ಕೈಯೂ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿರಲಿ. ಅಧ್ಯಕ್ಷರು ಬದಲಾದರೂ ಗ್ರಂಥಾಲಯ ಅಲ್ಲೇ ಇರುತ್ತದೆ. ಕೈಗವಸು, ಟ್ರ್ಯಾಕ್ಟರ್ ಬಾಡಿಗೆ, ಒಂದು ಹೊತ್ತಿನ ಉಪ್ಪಿಟ್ಟಿನ ಖರ್ಚನ್ನು ವರ್ಷದ ಆಯವ್ಯಯದಲ್ಲಿ ಒಂದು ಸಾಲಾಗಿ ತೋರಿಸಿದರೆ ಯಾವ ಪಂಚಾಯಿತಿಯೂ ದಿವಾಳಿಯಾಗುವುದಿಲ್ಲ. ಉದ್ಘಾಟನೆಯ ಶಾಮಿಯಾನಕ್ಕೇ ಅದಕ್ಕಿಂತ ಹೆಚ್ಚು ಹೋಗುತ್ತದೆ.

ಮತ ಕೇಳಲು ನಮ್ಮ ಮನೆಗೆ ಬರುವವರಿಗೆ ಈ ಸಲ ನನ್ನದು ಒಂದೇ ಪ್ರಶ್ನೆ: ಸೌಕರ್ಯ ಸಮಿತಿಗೆ ಯಾವ ಹುಡುಗ ಹುಡುಗಿಯರನ್ನು ಸೇರಿಸಿಕೊಳ್ಳುತ್ತೀರಿ, ಹೆಸರು ಹೇಳಿ.

— ನಿವೃತ್ತ ಉಪನ್ಯಾಸಕ, ತಿಪಟೂರು ತಾಲ್ಲೂಕು